ಪುಸ್ತಕ ನನಗೆ, ಪ್ರಶ್ನೆ ವಾರಿಜಳಿಗೆ

ಕರ್ರ್ ಟಕ್, ಕರ್ರ್ ಟಕ್. ಅಪ್ಪ ಕುರ್ಚಿ ಎಳೆಯುವ ಸದ್ದು ಅದು. ಆ ಮರದ ಕುರ್ಚಿಯ ಒಂದು ಕಾಲು ಉಳಿದವುಗಳಿಗಿಂತ ಗಿಡ್ಡ. ಚಾವಡಿಯಿಂದ ಒಳಕೋಣೆಗೆ, ಕೆಂಪು ಸಿಮೆಂಟಿನ ನೆಲದ ಮೇಲೆ ಅದನ್ನು ಎಳೆದುಕೊಂಡು ಹೋಗುವಾಗ ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳುತ್ತಿತ್ತು. ಸದ್ದಾಯಿತೆಂದರೆ ವಾರಿಜಳಿಗೆ ಜ್ವರವೋ ಕೆಮ್ಮೋ ಶುರುವಾಗಿದೆ, ಅಪ್ಪ ಇನ್ನು ಅವಳ ಮಂಚದ ಪಕ್ಕದಲ್ಲಿ ಕೂರುತ್ತಾರೆ ಎಂದು ಅರ್ಥ. ಬೇರೆ ಮನೆಗಳ ಹೆಣ್ಣುಮಕ್ಕಳು ಅಪ್ಪನ ಚಪ್ಪಲಿಯ ಸದ್ದಿಗೋ ಸೈಕಲ್ಲಿನ ಬೆಲ್ಲಿಗೋ ಕಾಯುತ್ತಿದ್ದರು. ನಾನು ಈ ಕುರ್ಚಿಗೆ ಕಾಯುತ್ತಿದ್ದೆ. ಅದು ನನ್ನ ಮಂಚದ ಕಡೆಗೆ ತಿರುಗಿದ್ದು ಒಂದೇ ಒಂದು ಸಲ. ನನಗೆ ಈಗ ಮೊಮ್ಮಕ್ಕಳಿದ್ದಾರೆ, ಮೊಣಕಾಲು ನೋವಿದೆ, ಮೂಡಬಿದಿರೆಯಲ್ಲಿ ಸ್ವಂತ ಮನೆ ಇದೆ. ಆದರೂ ಯಾರಾದರೂ ಕುರ್ಚಿ ಎಳೆದರೆ ಎದೆಯೊಳಗೆ ಏನೋ ಚುರುಕ್ ಎನ್ನುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಜೆಲಸಿ ಎನ್ನುತ್ತಾರೆ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಅದು ಪಾಪಗಳಲ್ಲಿ ಒಂದು ಎಂದೂ ಕಲಿಸಿದ್ದರು.

ಮನೆ ಇದ್ದದ್ದು ನರಿಕೊಂಬಿನಲ್ಲಿ. ಅಪ್ಪ ಬಂಟ್ವಾಳ ಪೇಟೆಯ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರ್. ಸಂಜೆ ಹುಬ್ಬಿನ ಮೇಲೆ ತೌಡಿನ ಧೂಳು ಹೊತ್ತುಕೊಂಡು ಬರುತ್ತಿದ್ದರು. ಕೈಕಾಲು ತೊಳೆದ ಮೇಲೆ ಅವರು ಬೇರೆಯೇ ಮನುಷ್ಯ. ಚಾವಡಿಯ ಗೋಡೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು, ಅದರಲ್ಲಿ ಬೆರಳುದ್ದದ ಬಾಟಲಿಗಳಲ್ಲಿ ಸಕ್ಕರೆ ಗುಳಿಗೆ. ಕೆಳಗಿನ ಹಲಗೆಯ ಮೇಲೆ ರೆಪರ್ಟರಿ ಎಂಬ ದೊಡ್ಡ ಪುಸ್ತಕ. ಹೋಮಿಯೋಪತಿಯನ್ನು ಅವರು ಯಾರಿಂದಲೂ ಕಲಿತವರಲ್ಲ. ಅಂಚೆಯಲ್ಲಿ ತರಿಸಿದ ಪುಸ್ತಕಗಳನ್ನು ಓದಿ, ನಮ್ಮ ಮೈಮೇಲೆಯೇ ಪ್ರಯೋಗ ಮಾಡಿ ಕಲಿತವರು. ಈ ಕಪಾಟಿನಿಂದಾಗಿ ನಮ್ಮ ಮನೆಗೆ ಕೆಲವು ವಸ್ತುಗಳ ಪ್ರವೇಶ ನಿಷಿದ್ಧವಾಗಿತ್ತು. ಕರ್ಪೂರದ ವಾಸನೆ ತಾಗಿದರೆ ಮದ್ದು ಸತ್ತುಹೋಗುತ್ತದೆ ಎಂದು ಅಪ್ಪ ದೇವರ ಮುಂದೆ ಕರ್ಪೂರ ಹಚ್ಚಲು ಬಿಡುತ್ತಿರಲಿಲ್ಲ. ಕಾಫಿ ಇಲ್ಲ. ಯಾರಾದರೂ ಮದ್ದು ತೆಗೆದುಕೊಳ್ಳುತ್ತಿದ್ದರೆ ಹಸಿ ಈರುಳ್ಳಿಯೂ ಇಲ್ಲ. ಯಾರಾದರೂ ಎಂದರೆ ವಾರಿಜ, ಅಂದರೆ ಹೆಚ್ಚುಕಡಿಮೆ ಯಾವಾಗಲೂ ಇಲ್ಲ. ಅಮ್ಮ ಕಾಫಿ ಕುಡಿಯುವ ಮನೆತನದಿಂದ ಬಂದವರು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಪಕ್ಕದ ಕೊಂಕಣಿಯವರ ಮನೆಗೆ ಬೇಡದ ನೆಪ ಹುಡುಕಿಕೊಂಡು ಹೋಗಿ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಅಮ್ಮನ ಖಾರವನ್ನು ಪೂರ್ತಿ ತರಲಾಗುವುದಿಲ್ಲ.

"ದೇವರಿಗೆ ಆರತಿ ಇಲ್ಲ, ನನಗೆ ಕಾಫಿ ಇಲ್ಲ. ಈ ಮನೆಯಲ್ಲಿ ಯಾರು ದೊಡ್ಡವರು, ದೇವರಾ ಆ ಬಾಟ್ಲಿಯಾ?"

"ಸಣ್ಣ ಸ್ವರದಲ್ಲಿ ಮಾತಾಡು ಮಾರಾಯ್ತಿ. ಹುಡುಗಿಗೆ ಈಗಷ್ಟೇ ನಿದ್ದೆ ಬಂದದ್ದು."

"ಹುಡುಗಿಗೆ! ನಿಮ್ಮ ಬಾಯಲ್ಲಿ ಹುಡುಗಿ ಅಂದ್ರೆ ಒಬ್ಬಳೇ."

ವಾರಿಜ ಅಪ್ಪನ ತಂಗಿಯ ಮಗಳು, ನನಗಿಂತ ಎರಡು ವರ್ಷ ಚಿಕ್ಕವಳು. ನೆರಿಯದ ಕಾಡಿನ ಅಂಚಿನ ಮನೆಯಿಂದ ಶಾಲೆ ದೂರ, ಅವಳ ಎದೆಯೂ ಬಲಹೀನ ಎಂದು ಅವಳ ತಾಯಿ ಅವಳನ್ನು ನಮ್ಮಲ್ಲಿ ತಂದು ಬಿಟ್ಟಿದ್ದರು. ನಮ್ಮ ಜಾತಿಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಂದರೆ ನಾನು ಅಪ್ಪನ ಮಗಳಾದರೂ ಅಮ್ಮನ ಕುಟುಂಬದವಳು. ವಾರಿಜ ತಂಗಿಯ ಮಗಳಾದರೂ ಅಪ್ಪನ ಕುಟುಂಬದವಳು. ಇದನ್ನು ಯಾರೂ ನನಗೆ ಕೂರಿಸಿ ಹೇಳಿದ್ದಲ್ಲ. ಜಗಳದ ನಡುವೆ ಅಮ್ಮನ ಬಾಯಿಂದ ತುಂಡು ತುಂಡಾಗಿ ಬಿದ್ದದ್ದನ್ನು ಹೆಕ್ಕಿ ಜೋಡಿಸಿಕೊಂಡೆ. ನೆರಿಯದ ಭೂತದ ಕೋಲಕ್ಕೆ ಅಪ್ಪ ಹೋಗುವಾಗ ಕುಟುಂಬದವರ ಸಾಲಿನಲ್ಲಿ ವಾರಿಜ ನಿಲ್ಲುತ್ತಿದ್ದಳು. ನಾನು ಅಮ್ಮನ ಜೊತೆ ನೆಂಟರ ಸಾಲಿನಲ್ಲಿ. ಹತ್ತು ವರ್ಷದ ಹುಡುಗಿಗೆ ಇಷ್ಟು ಸಾಕಾಗಿತ್ತು.

ಇನ್ನು ಆ ಪುಸ್ತಕದ ವಿಷಯ. ರೆಪರ್ಟರಿಯಲ್ಲಿ ರೋಗದ ಹೆಸರು ಹುಡುಕುವುದಲ್ಲ, ರೋಗಿಯ ಅವಸ್ಥೆ ಹುಡುಕುವುದು. ತಲೆಗೆ ಒಂದು ಅಧ್ಯಾಯ, ಕೆಮ್ಮಿಗೆ ಒಂದು, ಬಾಯಾರಿಕೆಗೆ ಒಂದು, ಮನಸ್ಸಿಗೇ ಒಂದು. ಪ್ರತಿ ಸಾಲಿನಲ್ಲಿ ಒಂದು ಲಕ್ಷಣ: ಒಣ ಕೆಮ್ಮು, ಸಂಜೆಯ ಮೇಲೆ, ಮಲಗಿದ ಕೂಡಲೇ. ಅದರ ಮುಂದೆ ಮದ್ದುಗಳ ಹೆಸರುಗಳು, ಮೊಟಕು ಮಾಡಿ ಅಚ್ಚು ಹಾಕಿದವು. ಹೆಚ್ಚು ಹೊಂದುವ ಮದ್ದು ದಪ್ಪ ಅಕ್ಷರದಲ್ಲಿ, ಕಡಿಮೆಯದು ತೆಳ್ಳಗೆ. ಒಂದೊಂದು ಲಕ್ಷಣದ ಸಾಲನ್ನೂ ತೆಗೆದು, ಎಲ್ಲ ಸಾಲುಗಳಲ್ಲೂ ಮತ್ತೆ ಮತ್ತೆ ತಲೆ ಹಾಕುವ ಮದ್ದು ಯಾವುದೋ ಅದನ್ನು ಆರಿಸಬೇಕು. ಹಾಗಾಗಿ ಕೇಳುವುದೇ ಮುಖ್ಯ. ಕೇಳುವುದಕ್ಕೆ ಅಪ್ಪನದ್ದೊಂದು ನಿಯಮ ಇತ್ತು: ಹೌದು, ಅಲ್ಲ ಎಂದು ಉತ್ತರ ಬರುವ ಪ್ರಶ್ನೆಯನ್ನು ಕೇಳಬಾರದು. ನೀರು ಬೇಕಾ ಎಂದು ಅಮ್ಮ ಅಪ್ಪಿತಪ್ಪಿ ವಾರಿಜಳನ್ನು ಕೇಳಿದರೆ ಅಪ್ಪನ ಮುಖ ಕೆಂಪಾಗುತ್ತಿತ್ತು. ರೋಗಿಯ ಬಾಯಿಗೆ ನಾವು ಮಾತು ತುರುಕಿದ ಹಾಗೆ ಅದು. "ಕುಡಿಯಲಿಕ್ಕೆ ಎಂತ ಮನಸ್ಸಾಗ್ತದೆ?" ಎಂದು ಕೇಳಿ ಸುಮ್ಮನೆ ಕೂರಬೇಕು. ಉತ್ತರ ಬರುವವರೆಗೆ ಕೂರಬೇಕು. ಅಪ್ಪನಷ್ಟು ಚಂದ ಸುಮ್ಮನೆ ಕೂರುವ ಗಂಡಸನ್ನು ನಾನು ಆಮೇಲೆ ಕಂಡಿಲ್ಲ. ನನ್ನ ಗಂಡನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನನಗೆ ಹನ್ನೆರಡು ತುಂಬುವಾಗ ಪ್ರಮೋಷನ್ ಸಿಕ್ಕಿತು. ಅಪ್ಪನ ಇಂಗ್ಲಿಷ್ ನಿಧಾನ. ನನ್ನದಕ್ಕೆ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಬಂದಿತ್ತು. ಒಂದು ಸಂಜೆ ಅಪ್ಪ ರೆಪರ್ಟರಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಲ್ಲಿಟ್ಟರು.

"ಇವತ್ತಿನಿಂದ ನೀನು ಓದು ಮಗಾ. ನಾನು ಪುಸ್ತಕಕ್ಕೆ ಬಗ್ಗಿದರೆ ಇವಳ ಮುಖ ತಪ್ಪಿಹೋಗ್ತದೆ. ನೀನು ಪುಸ್ತಕ ನೋಡು, ನಾನು ಇವಳನ್ನು ನೋಡ್ತೇನೆ."

ಅಪ್ಪ ಇದನ್ನು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ಕೆಲವು ದಿನ ನಾನೂ ಹಿಗ್ಗಿದೆ. ಪುಟ ಮಡಿಚದ ಹಾಗೆ, ಉಗುರು ತಾಗದ ಹಾಗೆ ತಿರುಗಿಸಲು ಕಲಿತೆ. ಕಾಫ್, ಡ್ರೈ, ಈವನಿಂಗ್, ಆನ್ ಲೈಯಿಂಗ್ ಡೌನ್ ಎಂದು ಪ್ರತಿ ಕಾಮಾಕ್ಕೂ ಸರಿಯಾಗಿ ನಿಲ್ಲಿಸಿ ಓದುತ್ತಿದ್ದೆ. ನಿಧಾನಕ್ಕೆ ಅರ್ಥವಾಯಿತು. ನಾನು ತಲೆ ಬಗ್ಗಿಸಿ ಓದುತ್ತಿರುವಷ್ಟೂ ಹೊತ್ತು ಅಪ್ಪನ ಕಣ್ಣು ವಾರಿಜಳ ಮೇಲೆ. ಅವಳ ಮೂಗಿನ ಹೊಳ್ಳೆ ಅಲುಗುತ್ತಿದೆಯೇ, ಯಾವ ಕೆನ್ನೆ ಹೆಚ್ಚು ಕೆಂಪು, ಹೊದಿಕೆಯಿಂದ ಪಾದ ಹೊರಗೆ ಹಾಕಿದ್ದಾಳೋ ಇಲ್ಲವೋ. ಅವರು ಹಾಗೆ ನೋಡಲು ಸಾಧ್ಯವಾದದ್ದೇ ನಾನು ಓದಿದ್ದರಿಂದ.

ಅವಳ ಉತ್ತರಗಳಾದರೂ ಎಂಥವು! ಕನ್ನಡ ಶಾಲೆಯಲ್ಲಿ ಹಿಂದಿನ ಬೆಂಚು, ಮಗ್ಗಿ ಬಾರದು, ಆದರೆ ಮಂಚದ ಮೇಲೆ ಬಿದ್ದರೆ ನಾಲಿಗೆ ಮೇಲೆ ಸರಸ್ವತಿ.

"ಎದೆಯೊಳಗೆ ಎಂತಾಗ್ತದೆ ವಾರಿಜ?"

"ಯಾರೋ ಕೂತು ತೆಂಗಿನಕಾಯಿ ತುರಿದ ಹಾಗೆ ಆಗ್ತದೆ ಮಾಮ. ಮೇಲಿನ ಕಾಯಿ ಎಲ್ಲ ಮುಗಿದು ಈಗ ಚಿಪ್ಪಿಗೆ ತಾಗಿದ ಹಾಗೆ."

ಅಪ್ಪನ ಮುಖ ಅರಳುತ್ತಿತ್ತು. "ಚಿಪ್ಪಿಗೆ ತಾಗಿದ ಹಾಗೆ! ನೋಡು ಶಶಿ, ಒರಟು ಕೆಮ್ಮು, ಕೆರೆದ ಹಾಗೆ, ಅದನ್ನು ಹುಡುಕು." ನಾನು ಹುಡುಕುತ್ತಿದ್ದೆ. ಮರುದಿನ ಊಟಕ್ಕೆ ಯಾರಾದರೂ ಬಂದರೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಅಪ್ಪ ಆ ಮಾತನ್ನು ಅವರಿಗೆ ಹೇಳುತ್ತಿದ್ದರು, ಬೇರೆಯವರು ಮಕ್ಕಳ ಮಾರ್ಕ್ಸ್ ಹೇಳಿದ ಹಾಗೆ. ನನ್ನ ಮಾರ್ಕ್ಸ್ ಕಾರ್ಡಿಗೆ ಅವರು ಸೈನ್ ಹಾಕಿ, "ಲಾಯ್ಕ ಉಂಟು" ಎಂದು ವಾಪಸು ಕೊಡುತ್ತಿದ್ದರು. ನಾನು ಹೇಳಿದ ಒಂದು ಮಾತನ್ನೂ ಅವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಕಾಯಿಲೆಯವರ ಆಸೆಯೂ ಒಂದು ಲಕ್ಷಣವೇ ಆದ್ದರಿಂದ ವಾರಿಜ ಏನು ಬೇಕೆಂದರೂ ಅದು ಬರುತ್ತಿತ್ತು. ಜ್ವರದಲ್ಲಿ ಅವಳಿಗೆ ಉಪ್ಪು ನೀರಿನ ಮಾವಿನಕಾಯಿ ಬೇಕೆನ್ನಿಸಿತು. ಅಪ್ಪ ಸಿದ್ಧಕಟ್ಟೆಯವರೆಗೆ ಸೈಕಲ್ ತುಳಿದು, ಗುರುತಿನವರ ಮನೆಯ ಭರಣಿಯಿಂದ ತಂದರು. ನನಗೂ ಬೇಕು ಎಂದೆ. ಅಮ್ಮ ಸೌಟು ಹಿಡಿದುಕೊಂಡೇ ತಿರುಗಿದರು.

"ನಿನಗೆ ಎಂತ ಆಗಿದೆ? ಕಲ್ಲುಗುಂಡಿನ ಹಾಗೆ ಇದ್ದಿ. ಸುಮ್ಮನೆ ಊಟ ಮಾಡು."

ನಾನು ಕಲ್ಲುಗುಂಡಿನ ಹಾಗೆಯೇ ಇದ್ದೆ. ಹೊಳೆಯಲ್ಲಿ ಮಿಂದು, ಒದ್ದೆ ತಲೆಯಲ್ಲಿ ಗಾಳಿಗೆ ನಿಂತು ನೋಡಿದೆ, ಒಂದು ಸೀನೂ ಬರಲಿಲ್ಲ. ಮಳೆಯಲ್ಲಿ ಕೊಡೆ ಮಡಚಿಕೊಂಡು ಕಾನ್ವೆಂಟಿನಿಂದ ಬಂದೆ, ಹಸಿವು ಹೆಚ್ಚಾಯಿತು ಅಷ್ಟೆ. ಪುಸ್ತಕದ ಸಾಲುಗಳು ಮಾತ್ರ ನನ್ನೊಳಗೆ ತುಂಬುತ್ತಾ ಹೋದವು. ಬ್ರಯೋನಿಯಾದವನು ಅಲುಗಾಡಲು ಒಲ್ಲ, ಅಪರೂಪಕ್ಕೊಮ್ಮೆ ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ. ಆರ್ಸೆನಿಕಮ್‌ನವನಿಗೆ ಗುಟುಕು ಗುಟುಕಾಗಿ ಬೇಕು, ಚಡಪಡಿಕೆ. ಪಲ್ಸಟಿಲ್ಲಾದವಳಿಗೆ ಬಾಯಾರಿಕೆಯೇ ಇಲ್ಲ, ಯಾರಾದರೂ ಪಕ್ಕದಲ್ಲಿ ಕೂತಿರಬೇಕು. ಬೇರೆ ಹುಡುಗಿಯರಿಗೆ ಸಿನಿಮಾದ ಹಾಡುಗಳು ಬಾಯಿಪಾಠವಾದ ಹಾಗೆ ಇವು ನನಗೆ ಬಾಯಿಪಾಠ. ನನ್ನ ಸರದಿ ಬಂದಾಗ ಅಪ್ಪನಿಗೆ ಒಂದು ನಿಮಿಷವೂ ಕಷ್ಟ ಕೊಡಬಾರದು, ನನ್ನಷ್ಟು ಸ್ಪಷ್ಟವಾಗಿ ಯಾವ ರೋಗಿಯೂ ಹೇಳಿರಬಾರದು ಎಂದು ತೀರ್ಮಾನಿಸಿಕೊಂಡಿದ್ದೆ.

ಸರದಿ ಬಂತು. ಪರೀಕ್ಷೆ ಮುಗಿದ ಬೇಸಗೆಯಲ್ಲಿ, ಗದ್ದೆಗಳೆಲ್ಲ ಒಣಗಿ ಬಿರಿದಿದ್ದಾಗ ನನಗೆ ಜ್ವರ ಏರಿತು. ಮೈ ಸುಡುತ್ತಿತ್ತು, ಆದರೂ ನನಗಾದಷ್ಟು ಖುಷಿ ಕಾನ್ವೆಂಟಿನ ಸ್ಟೇಜಿನ ಮೇಲೂ ಆಗಿರಲಿಲ್ಲ. ಚಾವಡಿಯಿಂದ ಕುರ್ಚಿ ಹೊರಟಿತು. ಅದು ನನ್ನ ಕೋಣೆಯ ಹೊಸಿಲಿನಲ್ಲಿ ಎಡವಿ, ನನ್ನ ಮಂಚಕ್ಕೆ ತಾಗಿ ನಿಂತಿತು. ಅಪ್ಪ ಕೂತರು. ವಾರಿಜಳಿಗೆ ಇಂಗ್ಲಿಷ್ ಓದಲು ಬಾರದ್ದರಿಂದ ಪುಸ್ತಕವನ್ನು ಅವರೇ ಮಡಿಲಲ್ಲಿ ಇಟ್ಟುಕೊಂಡಿದ್ದರು, ಮುಚ್ಚಿಯೇ. ವಾರಿಜ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಹೇಳು ಮಗಾ. ಎಂತಾಗ್ತದೆ?"

ನಾನು ಬ್ರಯೋನಿಯಾದ ಸಾಲುಗಳನ್ನು ಶುರು ಮಾಡಿದೆ. ಥರ್ಸ್ಟ್, ಫಾರ್ ಲಾರ್ಜ್ ಕ್ವಾಂಟಿಟೀಸ್. ವರ್ಸ್ ಫ್ರಮ್ ಮೋಷನ್. ಬೆಟರ್, ಲೈಯಿಂಗ್ ಆನ್ ದ ಪೇನ್‌ಫುಲ್ ಸೈಡ್. ಕಾಮಾ ಇದ್ದಲ್ಲೆಲ್ಲ ನಿಲ್ಲಿಸಿದೆ. ಸಾಕ್ಷಿಗೆ ಪಕ್ಕದ ಚೊಂಬನ್ನೆತ್ತಿ ಗಟಗಟ ಕುಡಿದೆ. ಅಪ್ಪ ಪುಟ ತಿರುಗಿಸಲೇ ಇಲ್ಲ. ಅವರಿಗೂ ಆ ಸಾಲುಗಳು ಬಾಯಿಪಾಠವೇ ಇದ್ದವು.

"ಇದು ಪುಸ್ತಕದ್ದು. ನಿನ್ನದು ಹೇಳು."

ನನ್ನದು ಯಾವುದು? ಕಣ್ಣು ಮುಚ್ಚಿ ಹುಡುಕಿದೆ. ತಲೆಯೊಳಗೆ ಸಾಲಿನ ಹಿಂದೆ ಸಾಲು ಬಂದು ನಿಂತವು, ಎಲ್ಲವೂ ಅಚ್ಚಾದವು. ನನಗೆ ನಿಜವಾಗಿ ಬಾಯಾರಿಕೆ ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ತಲೆನೋವು ಸುತ್ತಿಗೆಯದೋ ಸೂಜಿಯದೋ ತಿಳಿಯಲಿಲ್ಲ. ಅಪ್ಪ ಕಾಯುತ್ತಿದ್ದರು. ಅವರು ಸುಮ್ಮನೆ ಕೂರುವುದನ್ನು ಅಷ್ಟು ವರ್ಷ ಪಕ್ಕದಿಂದ ನೋಡಿದ್ದೆ; ಎದುರಿನಿಂದ ನೋಡಿದ್ದು ಅಂದೇ. ಆ ಮುಖ ಅಷ್ಟು ಹತ್ತಿರ, ಅಷ್ಟೂ ನನ್ನದೇ, ಹುಬ್ಬಿನಲ್ಲಿ ತೊಳೆದರೂ ಹೋಗದ ತೌಡು. ಏನಾದರೂ ಹೇಳಿದರೆ ಅದು ಎದ್ದು ಹೋಗುತ್ತದೆ, ಹೇಳದಿದ್ದರೂ ಎದ್ದು ಹೋಗುತ್ತದೆ. ನಾನು ಮತ್ತೆ ಇಂಗ್ಲಿಷಿನಲ್ಲೇ ಇನ್ನೊಂದು ಸಾಲು ಹೇಳಿದೆ.

ಅಪ್ಪ ನಿಟ್ಟುಸಿರು ಬಿಟ್ಟು ಬಾಗಿಲ ಕಡೆ ತಿರುಗಿದರು. ರೋಗಿಗೆ ಹೇಳಲು ಆಗದಿದ್ದರೆ ಪಕ್ಕದಲ್ಲಿರುವವರನ್ನು ಕೇಳುವುದು ಕ್ರಮ. ಪ್ರಜ್ಞೆ ತಪ್ಪಿದವರಿಗೆ, ಹಸುಗೂಸುಗಳಿಗೆ ಹಾಗೆ ಮಾಡುತ್ತಾರೆ.

"ವಾರಿಜ, ನೀನು ಎಂತ ನೋಡಿದ್ದಿ?"

"ಅಕ್ಕನಿಗೆ ನೀರು ಬೇಡ ಮಾಮ. ಬೆಳಗ್ಗಿನಿಂದ ಒಂದು ಗುಟುಕೂ ಕುಡಿಯಲಿಲ್ಲ. ನಿಮ್ಮ ಸೈಕಲ್ ಬಂದದ್ದು ಕೇಳಿ ಚೊಂಬು ತುಂಬಿಸಿ ಇಡು ಅಂದಳು. ಅವಳಿಗೆ ಮಲಗಿದಲ್ಲಿ ಮಲಗಲಿಕ್ಕೂ ಆಗುವುದಿಲ್ಲ, ಬಾಗಿಲು ಕಾಣುವ ಹಾಗೆ ತಿರುಗಿ ತಿರುಗಿ ಮಲಗ್ತಾಳೆ. ಯಾರಾದರೂ ಬಂದರೆ ನಗ್ತಾಳೆ. ಹೋದ ಮೇಲೆ ಅಳ್ತಾಳೆ."

ಅವಳ ಸ್ವರದಲ್ಲಿ ಚಾಡಿ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ತೆಂಗಿನಕಾಯಿಯ ಬಗ್ಗೆ ಹೇಳಿದಷ್ಟೇ ಸಲೀಸಾಗಿ, ಕಂಡದ್ದನ್ನು ಕಂಡ ಹಾಗೆ ಅವಳು ಹೇಳಿದಳು. ನನಗೆ ಗೊತ್ತಿಲ್ಲದ ನನ್ನನ್ನು ಹೇಳಿದಳು. ಅಪ್ಪನ ಮುಖ ಅರಳಿತು, ಈ ಸಲವೂ ಅವಳ ಕಡೆಗೆ. ನಾನು ಎದ್ದು ಕೂತು ಚೊಂಬನ್ನು ಬೀಸಿ ಎಸೆದೆ. ಉಳಿದ ನೀರೆಲ್ಲ ರೆಪರ್ಟರಿಯ ಮೇಲೆ.

"ಇದು ನನ್ನ ಜ್ವರ! ನಿನ್ನದಲ್ಲ! ನನ್ನ ಜ್ವರ ಹೇಳಲಿಕ್ಕೆ ನೀನು ಯಾರು?"

ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಅಪ್ಪ ಪಂಚೆಯ ತುದಿಯಿಂದ ಪುಟಗಳನ್ನು ಒತ್ತಿ ಒರೆಸಿದರು, ನನಗೆ ಬೈಯಲಿಲ್ಲ. ಕಪಾಟಿನಿಂದ ಪಲ್ಸಟಿಲ್ಲಾ ತಂದು ನನ್ನ ನಾಲಿಗೆಯ ಮೇಲೆ ಉದುರಿಸಿದರು. ವಾರಿಜಳ ಮಾತಿನಿಂದ ಆರಿಸಿದ ಮದ್ದು ಅದು. ಸಿಹಿಯಾಗಿತ್ತು. ಅವರು ಆಚೆ ಹೋದ ಮೇಲೆ ಉಗಿಯಬೇಕೆಂದಿದ್ದೆ, ಅಷ್ಟರಲ್ಲಿ ಕರಗಿಹೋಗಿತ್ತು.

ಎರಡು ದಿನ ಕಳೆದರೂ ಜ್ವರ ಬಿಡಲಿಲ್ಲ. ಅಮ್ಮ ಸೀರೆ ಬದಲಾಯಿಸಿ ಚಾವಡಿಯಲ್ಲಿ ಬಂದು ನಿಂತರು.

"ನಿಮ್ಮ ಕುಟುಂಬದವಳ ಮೇಲೆ ನಿಮ್ಮ ಪುಸ್ತಕ ನಡೆಸಿ. ಇವಳು ನನ್ನ ಕುಟುಂಬದವಳು. ಏಳು ಶಶಿ, ಪೇಟೆಗೆ ಹೋಗುವ, ಡಾಕ್ಟರರ ಹತ್ತಿರ."

ಪೇಟೆಯ ಡಾಕ್ಟರು ಟೈಫಾಯಿಡ್ ಎಂದರು, ಕಹಿ ಮಾತ್ರೆ ಕೊಟ್ಟರು. ವಾರಗಟ್ಟಲೆ ಗಂಜಿ ತಿಳಿಯ ಮೇಲೆ ಬದುಕಿ ಗುಣವಾದೆ. ಮಾತ್ರೆಯಿಂದಲೇ ಗುಣವಾದದ್ದು ಎಂಬುದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ಡಾಕ್ಟರು ನನ್ನನ್ನು ಕೇಳಿದ್ದು ಎರಡೇ ಮಾತು, ಅದೂ ಅಮ್ಮನ ಮುಖ ನೋಡಿ. ಅಪ್ಪ ದಿನಾ ಸಂಜೆ ಬಂದು ಬಾಗಿಲಲ್ಲಿ ನಿಂತು, "ಹೇಗುಂಟು ಇವತ್ತು?" ಎನ್ನುತ್ತಿದ್ದರು. ಕುರ್ಚಿ ಮಾತ್ರ ಚಾವಡಿಯಲ್ಲೇ ಇತ್ತು. ಗುಣವಾದ ಮೇಲೆ ನಾನು ಮತ್ತೆ ಓದಲು ಕೂರಲಿಲ್ಲ, ಅವರೂ ಕರೆಯಲಿಲ್ಲ. ಒಂದು ದಿನ ನೋಡಿದರೆ ಅಪ್ಪ ವಾರಿಜಳಿಗೆ ಎ, ಬಿ, ಸಿ, ಡಿ ಬರೆಸುತ್ತಿದ್ದರು. ನೀರು ಬಿದ್ದು ಉಬ್ಬಿದ ಪುಟಗಳಲ್ಲಿ ಅವಳು ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಳು. ಪ್ರೊನೌನ್ಸಿಯೇಷನ್ ಒಂದೂ ಸರಿ ಇರಲಿಲ್ಲ. ಅಪ್ಪನಿಗೆ ಅದು ಕಿವಿಗೇ ಬೀಳಲಿಲ್ಲ.

ಈಗ ನಮ್ಮ ಮಹಡಿಯಲ್ಲಿ ಹೋಮಿಯೋಪತಿ ಕಲಿಯುವ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಾಳೆ. ಮೊನ್ನೆ ನನಗೆ ಕೆಮ್ಮು ಬಂದಾಗ ಸ್ಟೂಲಿನ ಮೇಲೆ ಕೂತು ಫೋನು ತೆರೆದಳು. ಆ ಇಡೀ ದೊಡ್ಡ ಪುಸ್ತಕ ಈಗ ಫೋನಿನೊಳಗೆ ಉಂಟಂತೆ, ಲಕ್ಷಣಗಳನ್ನು ಒತ್ತುತ್ತಾ ಹೋದರೆ ಮದ್ದುಗಳು ತಾವೇ ಸಾಲಾಗಿ ಬರುತ್ತವಂತೆ. "ಅಜ್ಜಿ, ಥರ್ಸ್ಟ್ ಹೇಗುಂಟು? ಸೈಡ್ ಯಾವುದು?" ಎಂದು ತಲೆ ಬಗ್ಗಿಸಿಯೇ ಕೇಳಿದಳು. ಒಳ್ಳೆಯ ಹುಡುಗಿ. ಆದರೆ ನನ್ನ ಬಾಯಿಂದ ಮತ್ತೆ ಅಚ್ಚಾದ ಸಾಲುಗಳೇ ಹೊರಟವು. ಗಂಡ ಬೇಸರವೇ ಎಂದು ಕೇಳಿದಾಗಲೂ, ಮಕ್ಕಳು ಒಂಟಿಯಾಗಿದ್ದೀಯಾ ಎಂದು ಕೇಳಿದಾಗಲೂ ನಾನು ಹೀಗೆ ಕಾಮಾ ಇಟ್ಟು, ಫುಲ್‌ಸ್ಟಾಪ್ ಇಟ್ಟು ಉತ್ತರ ಕೊಟ್ಟವಳು. ಎಷ್ಟು ವೆಲ್-ಸ್ಪೋಕನ್ ಎಂದು ಎಲ್ಲರೂ ಹೊಗಳಿದ್ದಾರೆ.

ಅಮ್ಮ ತೀರಿಕೊಂಡ ಮೇಲೆ ನನ್ನ ಮನೆಗೆ ಬನ್ನಿ ಎಂದು ಅಪ್ಪನನ್ನು ಕರೆದೆ. ಕೋಣೆಗೆ ಹೊಸ ಬಣ್ಣ ಹೊಡೆಸಿದ್ದೆ. "ನಿನಗೆ ಯಾಕೆ ತೊಂದರೆ? ಅಲ್ಲಿ ನನ್ನ ಕುಟುಂಬ ಉಂಟಲ್ಲ" ಎಂದು ಅವರು ಬೆಳ್ತಂಗಡಿಗೆ, ಟೀಚರಾಗಿದ್ದ ವಾರಿಜಳ ಮನೆಗೆ ಹೋದರು. ಅಲ್ಲಿ ಅವರ ಎರಡೂ ಕಣ್ಣಿನ ಬೆಳಕು ನಂದಿತು. ಕೊನೆಯ ಸಲ ನೋಡಲು ಹೋದದ್ದು ಒಂದು ರಜೆಯ ದಿನ, ವೇಣೂರಿನ ಮೇಲಾಗಿ ಹೋಗುವ ಬಸ್ಸಿನಲ್ಲಿ. ಅಪ್ಪ ಜಗಲಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತಿದ್ದರು. ಯಾರು ಬಂದರೂ ಅವರನ್ನು ಅಪ್ಪನಿಗೆ ಬಣ್ಣಿಸುವುದು ವಾರಿಜಳ ಕೆಲಸವಾಗಿತ್ತು. ಅವಳು ಅವರ ಬಲಕ್ಕೆ ನಿಂತು ಶುರು ಮಾಡಿದಳು.

"ಅಕ್ಕ ಬಂದಿದ್ದಾಳೆ ಮಾಮ. ನೀಲಿ ಸೀರೆ. ತಲೆ ಬೆಳ್ಳಗಾಗಿದೆ. ಸ್ವಲ್ಪ ಸೊರಗಿದ ಹಾಗೆ ಕಾಣ್ತಾಳೆ, ನಗ್ತಾ ಇದ್ದಾಳೆ, ಆದರೆ..."

ಅಪ್ಪ ಕೈ ಎತ್ತಿದರು. "ನೀನು ಸುಮ್ಮನಿರು ವಾರಿಜ. ಅವಳೇ ಹೇಳಲಿ."

ವಾರಿಜ ನನ್ನನ್ನು ನೋಡಿದಳು, ನೋಡಿ ಒಳಗೆ ಹೋದಳು. ನಾನು ಅಪ್ಪನ ಎದುರು ಜಗಲಿಯ ಅಂಚಿನಲ್ಲಿ ಕೂತೆ. ಅಪ್ಪ ಕಾದರು. ಕಾಣದ ಕಣ್ಣನ್ನು ನೇರ ಮುಂದಿಟ್ಟುಕೊಂಡು, ಹಿಂದೆ ಹೇಗೆ ಕೂರುತ್ತಿದ್ದರೋ ಹಾಗೆಯೇ ಕೂತರು. ರಸ್ತೆಯಲ್ಲಿ ಎರಡು ಬಸ್ಸು ದಾಟಿ ಹೋದವು.

"ನಾನು ಹುಷಾರಾಗಿದ್ದೇನೆ ಅಪ್ಪ. ನೀವು ನಮ್ಮಲ್ಲಿಗೆ ಬರಲಿಲ್ಲ ಅಂತ..." ಎಂದೆ. ಅಷ್ಟೇ ಹೇಳಿದ್ದು.

ಅಪ್ಪನ ಕೈ ನಿಧಾನವಾಗಿ ಮೇಲಕ್ಕೆದ್ದು ತಲೆಗಾಗಿ ಹುಡುಕಿತು. ಅದು ಹೋದದ್ದು ಬಲಕ್ಕೆ, ವಾರಿಜ ನಿಂತಿದ್ದ ಜಾಗಕ್ಕೆ. ನಾನು ಕೂತಲ್ಲಿಂದ ಎದ್ದು, ಸದ್ದಾಗದ ಹಾಗೆ ಆ ಜಾಗಕ್ಕೆ ಹೋಗಿ, ಆ ಕೈಯ ಕೆಳಗೆ ತಲೆ ಬಗ್ಗಿಸಿ ನಿಂತೆ. ಅವರು ತುಂಬ ಹೊತ್ತು ನೇವರಿಸಿದರು. ಯಾರದೆಂದು ತಿಳಿದು ನೇವರಿಸಿದರೋ, ನಾನು ಕೇಳಲಿಲ್ಲ.